ಹಳೇ ಬೈಕಿಗೆ ಕೋಲಾ ಸ್ನಾನ: ಹೋಗುವುದು ತುಕ್ಕೋ, ಕ್ರೋಮೋ?

ನಲವತ್ತು ಸೆಕೆಂಡಿನ ಒಂದು ವಿಡಿಯೊ. ತುಕ್ಕು ಹಿಡಿದ ಹಳೇ ಬೈಕಿನ ಮಡ್‌ಗಾರ್ಡ್ ಮೇಲೆ ಯಾರೋ ಕೋಲಾ ಸುರಿಯುತ್ತಾರೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಗಸಗಸ ಉಜ್ಜುತ್ತಾರೆ. ಬಟ್ಟೆಯಲ್ಲಿ ಒರೆಸಿದರೆ ಮಡ್‌ಗಾರ್ಡ್ ಕನ್ನಡಿಯಂತೆ ಹೊಳೆಯುತ್ತದೆ. ಜೊತೆಗೆ ಒಂದು ಸಾಲು: ‘ಮೆಕ್ಯಾನಿಕ್‌ಗಳು ನಿಮಗೆ ಹೇಳದ ಗುಟ್ಟು, ಎಲ್ಲರಿಗೂ ಕಳಿಸಿ.’ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇದು ಬಂದಿರಬಹುದು. ಬಂದಿಲ್ಲವಾದರೆ ಇದರ ತಮ್ಮಂದಿರು ಬಂದಿರುತ್ತಾರೆ: ಟೂತ್‌ಪೇಸ್ಟ್ ಹಚ್ಚಿ, ಹುಣಸೆಹಣ್ಣು ತಿಕ್ಕಿ, ಟಾಯ್ಲೆಟ್ ಕ್ಲೀನರ್ ಸುರಿಯಿರಿ, ವಾಷಿಂಗ್ ಸೋಡಾದಲ್ಲಿ ನೆನೆಸಿ, ಡೀಸೆಲ್ ಹೊಡೆಯಿರಿ.

ಮೊದಲೇ ಹೇಳಿಬಿಡುತ್ತೇನೆ, ಕೋಲಾ ವಿಡಿಯೊ ಸುಳ್ಳಲ್ಲ. ಹಾಗೆ ಮಾಡಿದರೆ ತುಕ್ಕು ಹೋಗುವುದು ನಿಜ. ಉಳಿದವುಗಳಲ್ಲೂ ಒಂದೊಂದು ಎಲ್ಲೋ ಒಂದು ಕಡೆ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ, ಎಲ್ಲಿ ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಬೈಕ್ ಎಂದರೆ ಒಂದೇ ಲೋಹ ಎಂಬಂತೆ ಮಾತಾಡುತ್ತದೆ. ಒಂದು ಭಾಗಕ್ಕೆ ಔಷಧಿಯಾದದ್ದು ಪಕ್ಕದ ಭಾಗಕ್ಕೆ ವಿಷ. ಇನ್ನು ಕೆಲವು ಸಲಹೆಗಳು ಲೋಹವನ್ನಲ್ಲ, ಮನುಷ್ಯನನ್ನೇ ಹಾಳು ಮಾಡುವಂಥವು. ಅವುಗಳಿಗೆ ಕೊನೆಯಲ್ಲಿ ಬರುತ್ತೇನೆ.

ಬೈಕಿನಲ್ಲಿ ಎಷ್ಟು ಲೋಹ?

ನಮ್ಮಲ್ಲೇ ತಯಾರಾದ ಬೈಕನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ತಯಾರಾದವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇಂದು ರಸ್ತೆಯಲ್ಲಿ ಕಾಣುವ ಆ ಕಾರ್ಖಾನೆಯ ಅತಿ ಎಳೆಯ ಬೈಕಿಗೂ ಮೂವತ್ತರ ಹತ್ತಿರ ವಯಸ್ಸು. ಬುಲೆಟ್, ರಾಜದೂತ್, ಆರ್‌ಎಕ್ಸ್ 100 ಇಟ್ಟುಕೊಂಡವರ ಕಥೆಯೂ ಇಷ್ಟೇ.

ಇಂಥ ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ಸೈಲೆನ್ಸರ್, ರಿಮ್, ಹ್ಯಾಂಡಲ್, ಹೆಡ್‌ಲೈಟಿನ ಸುತ್ತಲ ಉಂಗುರ ಎಲ್ಲವೂ ಕ್ರೋಮ್ ಲೇಪನ ಮಾಡಿದ ಉಕ್ಕು. ಎಂಜಿನ್ನಿನ ಎರಡು ಬದಿಯ ಮುಚ್ಚಳ, ಚಕ್ರದ ನಡುವಿನ ಹಬ್ ಅಲ್ಯೂಮಿನಿಯಂ ಎರಕ. ಸ್ಪೋಕ್, ನಟ್ಟು, ಬೋಲ್ಟುಗಳ ಮೇಲೆ ಸಾಮಾನ್ಯವಾಗಿ ಸತುವಿನ ಲೇಪ. ಕಾರ್ಬ್ಯುರೇಟರಿನ ಒಳಗಿನ ಜೆಟ್‌ಗಳು ಹಿತ್ತಾಳೆ. ದೂರದಿಂದ ನೋಡಿದರೆ ಎಲ್ಲವೂ ‘ಬೆಳ್ಳಿ ಬಣ್ಣ’. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಶತ್ರು.

ಯಾವುದು ಯಾವುದೆಂದು ತಿಳಿಯಲು ಲ್ಯಾಬ್ ಬೇಕಿಲ್ಲ. ಫ್ರಿಜ್ ಬಾಗಿಲಿನ ಮೇಲಿರುವ ಮ್ಯಾಗ್ನೆಟ್ ಸಾಕು. ಅಂಟಿಕೊಂಡರೆ ಒಳಗೆ ಉಕ್ಕಿದೆ, ಮೇಲೆ ಹೊಳೆಯುತ್ತಿರುವುದು ಲೇಪನ. ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ. ಎರಡನೇ ಪರೀಕ್ಷೆ ಬಟ್ಟೆಯದು. ಕೊಳೆಯನ್ನೆಲ್ಲ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ, ಚೂರು ಮೆಟಲ್ ಪಾಲಿಶ್ ಹಾಕಿ ಬಿಳಿ ಬಟ್ಟೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾಗುತ್ತಲೇ ಹೋದರೆ ಅದು ಬರಿಯ ಅಲ್ಯೂಮಿನಿಯಂ. ಆ ಕಪ್ಪು ಕೊಳೆಯಲ್ಲ, ನೀವು ಉಜ್ಜಿ ತೆಗೆಯುತ್ತಿರುವ ಲೋಹದ ಅತಿ ಸಣ್ಣ ಪುಡಿ. ‘ನೋಡಿ ಎಷ್ಟು ಕೊಳೆ ಬರ್ತಿದೆ’ ಎಂದು ವಿಡಿಯೊದಲ್ಲಿ ತೋರಿಸುತ್ತಾರಲ್ಲ, ಅದರಲ್ಲಿ ಅರ್ಧ ಬೈಕೇ.

ಕ್ರೋಮ್: ಕೂದಲಿಗಿಂತ ತೆಳ್ಳಗಿನ ಸಂಪತ್ತು

ಕ್ರೋಮ್ ಭಾಗವೆಂದರೆ ದಪ್ಪ ಕ್ರೋಮ್ ತಗಡು ಎಂದು ಬಹಳ ಜನ ಭಾವಿಸಿದ್ದಾರೆ. ನಿಜದಲ್ಲಿ ಅದು ಮೂರು ಪದರದ ಕೆಲಸ. ಕೆಳಗೆ ಉಕ್ಕು. ಅದರ ಮೇಲೆ ನಿಕ್ಕಲ್, ಹತ್ತಿಪ್ಪತ್ತು ಮೈಕ್ರಾನ್, ಚೆನ್ನಾಗಿ ಮಾಡಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕೆಲವು ಕಡೆ ನಿಕ್ಕಲ್ಲಿನ ಕೆಳಗೆ ತಾಮ್ರವೂ ಇರುತ್ತದೆ. ಎಲ್ಲದರ ಮೇಲೆ ಕ್ರೋಮ್. ಅದು ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತಲೂ ಕಡಿಮೆ. ನಮ್ಮ ತಲೆಗೂದಲಿನ ದಪ್ಪದೊಳಗೆ ಇಂಥ ನೂರಕ್ಕೂ ಹೆಚ್ಚು ಪದರಗಳನ್ನು ಜೋಡಿಸಬಹುದು.

ಕನ್ನಡಿಯ ಹೊಳಪು ಬಹುಪಾಲು ನಿಕ್ಕಲ್ಲಿನದು. ಮೇಲಿನ ಕ್ರೋಮ್ ಗಟ್ಟಿತನ ಕೊಡುತ್ತದೆ, ಹೊಳಪಿಗೆ ಆ ತಣ್ಣನೆಯ ನೀಲಿ ಛಾಯೆ ಕೊಡುತ್ತದೆ. ಹಾಗಾಗಿ ವರ್ಷಗಟ್ಟಲೆ ಒರಟಾಗಿ ಉಜ್ಜಿದ ಬೈಕಿನ ಸೈಲೆನ್ಸರ್ ಹೊಳೆದರೂ ತುಸು ಹಳದಿಯಾಗಿ ಕಾಣಬಹುದು. ಅಲ್ಲಿ ಕ್ರೋಮ್ ಮುಗಿದು ನಿಕ್ಕಲ್ ಹೊರಗೆ ಬಂದಿದೆ ಎಂದರ್ಥ.

ಕ್ರೋಮ್ ಮೇಲೆ ಕಾಣುವ ತುಕ್ಕು ಕ್ರೋಮಿನದಲ್ಲ ಎಂಬುದು ಇಲ್ಲಿ ಮುಖ್ಯ ಮಾತು. ಕ್ರೋಮಿಗೆ ಕೆಂಪು ತುಕ್ಕು ಹಿಡಿಯುವುದೇ ಇಲ್ಲ. ಲೇಪನದಲ್ಲಿ ಕಣ್ಣಿಗೆ ಕಾಣದ ರಂಧ್ರ, ಬಿರುಕುಗಳಿರುತ್ತವೆ. ಮಳೆನೀರು ಅದರ ಮೂಲಕ ಇಳಿದು ಉಕ್ಕನ್ನು ಮುಟ್ಟುತ್ತದೆ. ನಿಕ್ಕಲ್ ಮತ್ತು ಉಕ್ಕು ಒಂದೇ ಹನಿ ನೀರಿನಲ್ಲಿ ನೆನೆದಾಗ ಅಲ್ಲೊಂದು ಪುಟಾಣಿ ಬ್ಯಾಟರಿ ಹುಟ್ಟುತ್ತದೆ. ಆ ಜೋಡಿಯಲ್ಲಿ ಸವೆಯುವುದು ಯಾವಾಗಲೂ ಉಕ್ಕೇ. ಸುತ್ತಲೂ ದೊಡ್ಡ ನಿಕ್ಕಲ್ ಮೈ, ನಡುವೆ ಸೂಜಿಮೊನೆಯಷ್ಟು ಉಕ್ಕು. ಸವೆತವೆಲ್ಲ ಆ ಒಂದು ಚುಕ್ಕಿಯ ಮೇಲೆ ಬೀಳುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ ಒಳಗಿನಿಂದ ಉಬ್ಬಿ ಲೇಪನವನ್ನು ಎತ್ತುತ್ತದೆ. ಉಡುಪಿ, ಮಂಗಳೂರು, ಕಾರವಾರದ ಕಡೆಯ ಬೈಕುಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುವುದಕ್ಕೆ ಗಾಳಿಯಲ್ಲಿರುವ ಉಪ್ಪು ಕಾರಣ.

ಈಗ ಕೋಲಾ ವಿಡಿಯೊಗೆ ಬರೋಣ. ಕೋಲಾದಲ್ಲಿ ಫಾಸ್ಫೊರಿಕ್ ಆಮ್ಲ ಇರುತ್ತದೆ. ಅದರ ಪಿಎಚ್ ಸುಮಾರು 2.5, ಹೆಚ್ಚುಕಡಿಮೆ ನಿಂಬೆರಸದಷ್ಟೇ ಹುಳಿ. ಈ ಆಮ್ಲ ತುಕ್ಕನ್ನು ಸ್ವಲ್ಪ ಸಡಿಲ ಮಾಡುತ್ತದೆ. ಆದರೆ ಹೆಚ್ಚಿನ ಕೆಲಸ ಮಾಡುವುದು ಫಾಯಿಲ್. ಕ್ರೋಮ್ ಉಕ್ಕಿಗಿಂತ ಗಟ್ಟಿ, ಅಲ್ಯೂಮಿನಿಯಂ ಎರಡಕ್ಕಿಂತಲೂ ಮೆದು. ಹಾಗಾಗಿ ಫಾಯಿಲ್ ಮುದ್ದೆ ತುಕ್ಕಿನ ಚಕ್ಕೆಗಳನ್ನು ಕೆರೆದು ತೆಗೆಯುತ್ತದೆ, ಕೆಳಗಿನ ಕ್ರೋಮಿಗೆ ಗೀರು ಬೀಳುವುದಿಲ್ಲ. ಕೋಲಾ ಬದಲು ಬರೀ ನೀರು ಹಾಕಿ ಉಜ್ಜಿದರೂ ಫಲ ಹತ್ತಿರಹತ್ತಿರ ಅದೇ. ಕೋಲಾ ಬೇಕಿದ್ದರೆ ಕುಡಿಯಿರಿ, ಅದೂ ಅಷ್ಟೇನೂ ಒಳ್ಳೆಯದಲ್ಲ ಎಂಬುದು ಬೇರೆ ಲೇಖನದ ವಿಷಯ.

ವಿಡಿಯೊ ತೋರಿಸದ ಭಾಗ ಮರುವಾರ ನಡೆಯುತ್ತದೆ. ತುಕ್ಕು ಕಿತ್ತುಬಂದ ಜಾಗದಲ್ಲಿ ಗುಳಿ ಹಾಗೇ ಇದೆ, ಅದರ ತಳದಲ್ಲಿ ಬೆತ್ತಲೆ ಉಕ್ಕು. ಸಕ್ಕರೆ ಮತ್ತು ಆಮ್ಲದ ಪಸೆ ಅದರೊಳಗೆ ಉಳಿದಿದ್ದರೆ ಇನ್ನೂ ಕಷ್ಟ. ಎರಡು ಮಳೆಗೆ ಅದೇ ಚುಕ್ಕಿಗಳು ಅದೇ ಜಾಗದಲ್ಲಿ ಮರಳಿ ಬರುತ್ತವೆ. ಉಜ್ಜುವುದರಿಂದ ತುಕ್ಕು ಹೋಗಬಹುದು, ಕ್ರೋಮ್ ಹುಟ್ಟುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಫಾಯಿಲ್ ಮತ್ತು ನೀರಿನಿಂದ ಉಜ್ಜಿ. ಸೋಪಿನ ನೀರಿನಲ್ಲಿ ತೊಳೆಯಿರಿ. ಪೂರ್ತಿ ಒಣಗಲು ಬಿಸಿಲಿನಲ್ಲಿ ನಿಲ್ಲಿಸಿ. ಆಮೇಲೆ ತಡಮಾಡದೆ ಕಾರಿಗೆ ಹಚ್ಚುವ ವ್ಯಾಕ್ಸನ್ನು ತೆಳ್ಳಗೆ ತಿಕ್ಕಿ, ಗುಳಿಗಳೊಳಗೆ ಇಳಿಯುವಂತೆ. ಈ ಕೊನೆಯ ಹೆಜ್ಜೆಯೇ ನೀರನ್ನು ಹೊರಗಿಡುವುದು. ಕೆಲವರು ತೆಂಗಿನೆಣ್ಣೆ ಹಚ್ಚುತ್ತಾರೆ. ಮಳೆಗಾಲದಲ್ಲಿ ನಿಂತೇ ಇರುವ ಬೈಕಿಗೆ ಏನೂ ಇಲ್ಲದ್ದಕ್ಕಿಂತ ಅದು ವಾಸಿ, ಓಡಾಡುವ ಬೈಕಿನಲ್ಲಿ ಮಾತ್ರ ಧೂಳೆಲ್ಲ ಅಂಟಿ ಮರಳು ಕಾಗದವಾಗುತ್ತದೆ. ಸೈಲೆನ್ಸರಿಗಂತೂ ಬೇಡ, ಬಿಸಿಯಾದಾಗ ಸುಟ್ಟು ಕಂದು ಕಲೆ ಕೂರುತ್ತದೆ.

ಸೈಲೆನ್ಸರ್ ಎಂದಾಗ ನೆನಪಾಯಿತು. ಎಂಜಿನ್ ಹತ್ತಿರ ಪೈಪ್ ಹೊನ್ನಿನ ಬಣ್ಣಕ್ಕೋ ನೀಲಿಗೋ ತಿರುಗಿದ್ದರೆ ಅದು ಕೊಳೆಯಲ್ಲ. ಶಾಖಕ್ಕೆ ಮೇಲ್ಮೈಯ ಆಕ್ಸೈಡ್ ಪದರ ದಪ್ಪವಾಗಿ ಬೆಳಕನ್ನು ಬೇರೆ ರೀತಿ ಪ್ರತಿಫಲಿಸುತ್ತಿದೆ, ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವ ಹಾಗೆ. ಪಾಲಿಶಿನಿಂದ ತೆಗೆದರೂ ಮತ್ತೆ ಬರುತ್ತದೆ. ರೇನ್‌ಕೋಟ್ ಕರಗಿ ಅಂಟಿದ ಕಪ್ಪು ಕಲೆಯಾದರೆ ಮಾತು ಬೇರೆ. ಎಂಜಿನ್ನನ್ನು ಸ್ವಲ್ಪ ಬಿಸಿ ಮಾಡಿ ಆಫ್ ಮಾಡಿ, ಮರದ ಚಮಚದ ಅಂಚಿನಿಂದ ಕೆರೆಯಿರಿ. ಚಾಕು ಬೇಡ.

ಟೂತ್‌ಪೇಸ್ಟ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದರಲ್ಲಿ ಹಲ್ಲುಜ್ಜಲೆಂದೇ ಹಾಕಿದ ನುಣ್ಣನೆಯ ಸಿಲಿಕಾ ಅಥವಾ ಸುಣ್ಣದ ಪುಡಿ ಇದೆ, ಹಾಗಾಗಿ ಸ್ವಲ್ಪ ಹೊಳಪು ಬರುತ್ತದೆ. ಕ್ರೋಮಿಗೆ ಹಾನಿಯೂ ಇಲ್ಲ, ದೊಡ್ಡ ಲಾಭವೂ ಇಲ್ಲ. ಪೇಂಟಿನ ಮೇಲೆ ಮಾತ್ರ ತಿಕ್ಕಬೇಡಿ. ಬುಲೆಟ್ ಟ್ಯಾಂಕಿನ ಚಿನ್ನದ ಗೆರೆಗಳು ಕೈಯಲ್ಲಿ ಎಳೆದವು, ಹೋದರೆ ಹೋದವೇ.

ಅಡುಗೆಮನೆಯ ವಿದ್ಯೆ ಎಲ್ಲಿಯವರೆಗೆ?

‘ನಮ್ಮ ಅಜ್ಜಿ ಹುಣಸೆಹಣ್ಣಿನಲ್ಲೇ ಎಲ್ಲ ಬೆಳಗುತ್ತಿದ್ದರು’ ಎಂಬ ಮಾತು ಫಾರ್ವರ್ಡ್‌ಗಳಲ್ಲಿ ಬಹಳ. ಅಜ್ಜಿ ಸರಿಯಾಗಿಯೇ ಇದ್ದರು. ಆದರೆ ಅವರು ಬೆಳಗುತ್ತಿದ್ದದ್ದು ಹಿತ್ತಾಳೆ ದೀಪ, ತಾಮ್ರದ ಹಂಡೆ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಒಳಗಿನ ಲೋಹಕ್ಕೆ ಅಷ್ಟಾಗಿ ಕೈ ಹಾಕುವುದಿಲ್ಲ. ಬೈಕಿನಲ್ಲಿ ಹಿತ್ತಾಳೆ ಇರುವುದು ಕಾರ್ಬ್ಯುರೇಟರಿನ ಜೆಟ್‌ನಂಥ ಒಂದೆರಡು ಕಡೆ. ಜೆಟ್‌ಗಳನ್ನು ಬಿಚ್ಚಿ ಬೇರೆ ಮಾಡದೆ ಇಡೀ ಕಾರ್ಬ್ಯುರೇಟರನ್ನು ಹುಣಸೆ ನೀರಿಗೆ ಅದ್ದಿದರೆ, ಅದರ ದೇಹ ಸತುವಿನ ಮಿಶ್ರಲೋಹದ ಎರಕವಾಗಿದ್ದ ಪಕ್ಷದಲ್ಲಿ ಆಮ್ಲ ಅದನ್ನೇ ತಿನ್ನುತ್ತದೆ.

ಅಲ್ಯೂಮಿನಿಯಂ ಕಥೆ ಇನ್ನೂ ಸ್ವಾರಸ್ಯ. ಗಾಳಿಗೆ ಒಡ್ಡಿದ ಕೂಡಲೇ ಅಲ್ಯೂಮಿನಿಯಂ ತನ್ನ ಮೇಲೆ ತೆಳುವಾದ ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ಉಕ್ಕಿನ ತುಕ್ಕು ಉದುರಿ ಒಳಗಿನದ್ದನ್ನೂ ಬಯಲು ಮಾಡಿದರೆ, ಅಲ್ಯೂಮಿನಿಯಂ ಪದರ ಬಿಗಿಯಾಗಿ ಕೂತು ಒಳಗಿನದ್ದನ್ನು ಕಾಯುತ್ತದೆ. ಹಳೇ ಎಂಜಿನ್ ಕವರ್ ಮಂಕು ಬೂದಿ ಬಣ್ಣಕ್ಕೆ ತಿರುಗಿದ್ದರೆ ಅದು ರೋಗವಲ್ಲ, ರಕ್ಷಣೆ. ಕಣ್ಣಿಗೆ ಚೆನ್ನಾಗಿಲ್ಲ, ಅಷ್ಟೇ.

ಈ ಪದರದ ದೊಡ್ಡ ಶತ್ರು ಕ್ಷಾರ: ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ, ಒಲೆಯ ಬೂದಿ. ಇದನ್ನು ನಾನು ಓದಿ ತಿಳಿದದ್ದಲ್ಲ, ಕೆಡಿಸಿ ತಿಳಿದದ್ದು. ದೊಡ್ಡಪ್ಪನ ಯೆಜ್ಡಿಯ ಎಂಜಿನ್ ಕವರಿನ ಜಿಡ್ಡು ತೆಗೆಯಲು ಒಂದು ಫಾರ್ವರ್ಡ್ ನಂಬಿ ಬಿಸಿನೀರಿಗೆ ವಾಷಿಂಗ್ ಸೋಡಾ ಸುರಿದು ರಾತ್ರಿಯಿಡೀ ನೆನೆಸಿಟ್ಟಿದ್ದೆ. ಸಣ್ಣ ಗುಳ್ಳೆಗಳು ಏಳುತ್ತಿದ್ದವು, ‘ಕೆಲಸ ಮಾಡುತ್ತಿದೆ’ ಎಂದು ಖುಷಿಪಟ್ಟೆ. ಅದು ಹೈಡ್ರೋಜನ್, ಲೋಹ ಕರಗುತ್ತಿದೆ ಎಂಬುದರ ಗುರುತು. ಬೆಳಿಗ್ಗೆ ಕವರ್ ಇದ್ದಿಲಿನ ಬಣ್ಣಕ್ಕೆ ಬಂದಿತ್ತು. ಮೆಕ್ಯಾನಿಕ್ ಹತ್ತಿರ ಒಯ್ದರೆ ಅವರು ಕೈಯಲ್ಲಿ ತಿರುಗಿಸಿ ನೋಡಿ, ‘ಏನಪ್ಪಾ, ನಿಮ್ಮನೇಲಿ ಕುಕ್ಕರ್ ಇಲ್ವಾ? ಅಮ್ಮ ತಳಕ್ಕೆ ನಿಂಬೆ ಸಿಪ್ಪೆ ಯಾಕೆ ಹಾಕ್ತಾರೆ ಅಂತ ಕೇಳಿಲ್ವಾ?’ ಎಂದರು.

ಅವರು ಹೇಳಿದ್ದು ಅಚ್ಚ ರಸಾಯನಶಾಸ್ತ್ರ. ನಮ್ಮ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ತುಸು ಕ್ಷಾರೀಯ. ಅದನ್ನು ಅಲ್ಯೂಮಿನಿಯಂ ಕುಕ್ಕರಿನಲ್ಲಿ ಕುದಿಸಿದರೆ ಒಳಭಾಗ ಕಪ್ಪಾಗುತ್ತದೆ. ನಿಂಬೆ ಸಿಪ್ಪೆಯೋ ಹುಣಸೆ ಚೂರೋ ಹಾಕಿದರೆ ಆ ಹುಳಿ ಕಪ್ಪನ್ನು ತಡೆಯುತ್ತದೆ. ಎಂಜಿನ್ ಕವರಿಗೂ ಅದೇ. ನಿಂಬೆರಸ ತಿಕ್ಕಿ ಐದು ನಿಮಿಷದಲ್ಲಿ ತೊಳೆದರೆ ಮೇಲಿನ ಕಪ್ಪು ಸ್ವಲ್ಪ ತಿಳಿಯಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಹುಳಿಯೂ ಕಲೆ ಮಾಡುತ್ತದೆ. ನನ್ನ ಕವರ್ ಪೂರ್ತಿ ಸರಿಹೋಗಲು ಅದಷ್ಟೇ ಸಾಲಲಿಲ್ಲ. 400 ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ 800, 1200, 2000 ಎಂದು ನೀರು ಹಾಕುತ್ತಾ ಉಜ್ಜಿ, ಕೊನೆಗೆ ಮೆಟಲ್ ಪಾಲಿಶ್. ಪ್ರತಿ ಪೇಪರಿಗೂ ಉಜ್ಜುವ ದಿಕ್ಕು ಬದಲಿಸಬೇಕು, ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬಾರದು. ಮೂರು ಭಾನುವಾರ ಹಿಡಿಯಿತು. ನಾಲ್ಕನೇ ತಿಂಗಳಿಗೆ ಮತ್ತೆ ಮಂಕು. ಏಕೆಂದರೆ ಆಕ್ಸೈಡ್ ಪದರ ತನ್ನ ಕೆಲಸ ತಾನು ಮಾಡಿತ್ತು.

ಕೆಲವು ಬೈಕುಗಳ ಎಂಜಿನ್ ಕವರ್ ಮೇಲೆ ಕಾರ್ಖಾನೆಯಲ್ಲೇ ಪಾರದರ್ಶಕ ಲ್ಯಾಕರ್ ಹೊಡೆದಿರುತ್ತಾರೆ. ಅಲ್ಲಿ ಪಾಲಿಶ್ ತಿಕ್ಕಿದರೆ ಬಟ್ಟೆ ಕಪ್ಪಾಗುವುದಿಲ್ಲ, ಹೊಳಪೂ ಬರುವುದಿಲ್ಲ. ಎಷ್ಟು ತಿಕ್ಕಿದರೂ ಆಗಲಿಲ್ಲವೆಂದು ಉಕ್ಕಿನ ಸ್ಕ್ರಬ್ಬರ್ ತೆಗೆದುಕೊಳ್ಳುವುದು ಮುಂದಿನ ತಪ್ಪು. ಅದರ ಎಳೆಗಳ ಚೂರುಗಳು ಮೆದುವಾದ ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು, ನೀರು ಬಿದ್ದಾಗ ಕಂದು ಚುಕ್ಕಿಗಳಾಗುತ್ತವೆ. ತುಕ್ಕೇ ಹಿಡಿಯದ ಲೋಹಕ್ಕೆ ನಾವೇ ತುಕ್ಕು ತಂದುಕೊಟ್ಟಂತೆ.

ಸ್ಪೋಕ್‌ಗಳ ಬಗ್ಗೆ ಒಂದು ಮಾತು. ಅವುಗಳ ಮಂಕು ಬೂದಿ ಬಣ್ಣ ಸತುವಿನದು. ಕ್ರೋಮ್, ನಿಕ್ಕಲ್ ಹಾಗಲ್ಲದೆ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಜಿಐ ಬಕೆಟಿಗೆ ಗೀರು ಬಿದ್ದರೂ ಬೇಗ ತುಕ್ಕು ಹಿಡಿಯದಿರುವುದು ಅದಕ್ಕೇ. ಸ್ಪೋಕನ್ನು ಎಮರಿ ಪೇಪರಿನಲ್ಲಿ ತಿಕ್ಕಿ ‘ಬೆಳ್ಳಿ’ ಮಾಡಿದರೆ ಕಾವಲುಗಾರನನ್ನೇ ಕಳಿಸಿದಂತೆ, ಮುಂದಿನ ಮುಂಗಾರಿಗೆ ಕೆಂಪಾಗುತ್ತದೆ. ಒರೆಸಿ, ಸ್ವಲ್ಪ ವ್ಯಾಕ್ಸ್ ಹಾಕಿ, ಮಂಕಾಗಿಯೇ ಬಿಡಿ.

ಟಾಯ್ಲೆಟ್ ಕ್ಲೀನರ್: ದಯವಿಟ್ಟು ಬೇಡ

ನೀಲಿ ಬಣ್ಣದ ಬಹಳಷ್ಟು ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ, ಸಾಮಾನ್ಯವಾಗಿ ಶೇ 10ರ ಆಸುಪಾಸು. ಬಾಟಲಿಯ ಹಿಂದೆ ಬರೆದಿರುತ್ತದೆ, ನೋಡಿ. ಇದು ತುಕ್ಕನ್ನು ನಿಮಿಷಗಳಲ್ಲಿ ತಿನ್ನುತ್ತದೆ, ಅದಕ್ಕೇ ವಿಡಿಯೊದಲ್ಲಿ ಚಂದ ಕಾಣುತ್ತದೆ. ಆದರೆ ಕ್ರೋಮನ್ನು ಕರಗಿಸುವ ಆಮ್ಲಗಳಲ್ಲಿ ಇದೇ ಮುಂಚೂಣಿಯದು. ಕ್ರೋಮ್ ಪ್ಲೇಟಿಂಗ್ ಮಾಡುವವರು ಹಳೇ ಕ್ರೋಮ್ ತೆಗೆಯಬೇಕಾದಾಗ ಬಳಸುವುದೂ ಇದನ್ನೇ. ಅಂದರೆ ಫಾರ್ವರ್ಡ್ ನಿಮಗೆ ಹೇಳಿಕೊಡುತ್ತಿರುವುದು ಕ್ರೋಮ್ ಹೊಳಪಿಸುವುದನ್ನಲ್ಲ, ಕ್ರೋಮ್ ತೆಗೆಯುವುದನ್ನು. ಅಲ್ಯೂಮಿನಿಯಂ ಹಬ್ ಮೇಲೆ ಬಿದ್ದರೆ ಅಲ್ಲಿಯೂ ಬುಸುಗುಡುತ್ತದೆ. ಅದರ ಹಬೆ ಮುಚ್ಚಿದ ಶೆಡ್ಡಿನಲ್ಲಿ ಸುಳಿದಾಡಿ, ನೀವು ಮುಟ್ಟದೇ ಇದ್ದ ಸ್ಪ್ಯಾನರುಗಳಿಗೂ ಮರುದಿನ ತುಕ್ಕು ಹಿಡಿಸುತ್ತದೆ.

ಇದರ ಜೊತೆ ‘ಇನ್ನೂ ಬೆಳ್ಳಗಾಗಲಿ’ ಎಂದು ಬ್ಲೀಚಿಂಗ್ ಪೌಡರ್ ಸೇರಿಸುವ ಸಲಹೆ ಸಿಕ್ಕರೆ ಆ ಸಂದೇಶವನ್ನು ಅಲ್ಲೇ ಅಳಿಸಿ. ಆಮ್ಲ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಗಂಟಲು, ಶ್ವಾಸಕೋಶ ಸುಡುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ.

ಬೈಕಿಗಿಂತ ಮುಖ್ಯವಾದದ್ದು: ಕೈ, ಶ್ವಾಸ, ಮನೆ

ಕೆಟ್ಟ ಕ್ರೋಮನ್ನು ಮತ್ತೆ ಮಾಡಿಸಬಹುದು. ಇಲ್ಲಿ ಹೇಳುವವುಗಳನ್ನು ಮಾಡಿಸಲಾಗದು.

ಮೊದಲನೆಯದು ಚೈನ್. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ವಿಡಿಯೊಗಳು ಇವೆ. ‘ಎರಡೇ ನಿಮಿಷದಲ್ಲಿ ಚೈನ್ ಫಳಫಳ’. ಬಟ್ಟೆಯ ಒಂದು ಎಳೆ ಚೈನಿನ ಕೊಂಡಿಗೆ ಸಿಕ್ಕರೆ ಸಾಕು, ಬಟ್ಟೆ ಸ್ಪ್ರಾಕೆಟ್ ಕಡೆ ಓಡುತ್ತದೆ, ಜೊತೆಗೆ ಬೆರಳೂ. ಕೈ ಹಿಂದೆಳೆಯುವಷ್ಟು ಸಮಯ ಇರುವುದಿಲ್ಲ. ಬೈಕ್ ಚೈನಿನಲ್ಲಿ ಬೆರಳ ತುದಿ ಕಳೆದುಕೊಂಡವರು ಕೈ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಹೊಸಬರಲ್ಲ. ಇವರಲ್ಲಿ ಬಹಳ ಮಂದಿಗೆ ಗಾಯ ಆಗುವುದು ರಸ್ತೆಯಲ್ಲಲ್ಲ, ಮನೆ ಮುಂದೆ, ಬೈಕ್ ತೊಳೆಯುವಾಗ. ಹಾಗಾಗಿ ಕೀ ತೆಗೆದು ಜೇಬಿಗೆ ಹಾಕಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಚಕ್ರವನ್ನು ಕೈಯಲ್ಲಿ ಒಂದು ಗೇಣು ತಿರುಗಿಸಿ, ನಿಲ್ಲಿಸಿ, ಆಮೇಲೆ ಬ್ರಷ್ ಹಾಕಿ. ಕೈಯಲ್ಲಿ ಜೋರಾಗಿ ತಿರುಗಿಸಿದ ಚಕ್ರವೂ ಬೆರಳು ಕತ್ತರಿಸಬಲ್ಲದು. ಮಕ್ಕಳು ‘ನಾನೂ ಸಹಾಯ ಮಾಡ್ತೀನಿ’ ಎಂದು ಬಂದರೆ ಅವರಿಗೆ ಟ್ಯಾಂಕ್ ಒರೆಸಲು ಕೊಡಿ, ಚೈನಿನ ಹತ್ತಿರ ಬೇಡ.

ಎರಡನೆಯದು ಪೆಟ್ರೋಲ್. ಸೀಮೆಎಣ್ಣೆ ಈಗ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಜಿಡ್ಡು ತೆಗೆಯಲು ಟ್ಯಾಂಕಿನಿಂದಲೇ ಒಂದು ಲೋಟ ಪೆಟ್ರೋಲ್ ಬಗ್ಗಿಸಿಕೊಳ್ಳುವವರು ಹೆಚ್ಚು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನಿಂದ ಬೆಂಕಿ ಹಿಡಿಯುವಷ್ಟು ಆವಿ ಏಳುತ್ತದೆ. ನಮ್ಮ ಸೆಕೆಯಲ್ಲಿ ಕೇಳಬೇಕೇ? ಆ ಆವಿ ಗಾಳಿಗಿಂತ ಭಾರ. ಮೇಲೇರಿ ಹೋಗುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಿದು ತಗ್ಗು ಹುಡುಕುತ್ತದೆ. ಪೋರ್ಟಿಕೋದಲ್ಲಿ ಚೈನ್ ತೊಳೆಯುತ್ತಿದ್ದೀರಿ, ಒಳಗೆ ನೆಲದ ಮೇಲೆ ದೇವರ ದೀಪ ಉರಿಯುತ್ತಿದೆ, ನಡುವೆ ಬಾಗಿಲು ತೆರೆದಿದೆ ಎಂದರೆ ಅಪಾಯಕ್ಕೆ ಬೇಕಾದ್ದೆಲ್ಲ ಅಲ್ಲಿದೆ. ಚೈನಿಗೆಂದೇ ಮಾರುವ ಕ್ಲೀನರ್ ತನ್ನಿ, ಇಲ್ಲವೆ ಡೀಸೆಲ್ಲನ್ನು ಬ್ರಷ್‌ನಲ್ಲಿ ಸ್ವಲ್ಪವೇ ಬಳಸಿ. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ಆದರೂ ಬೆಂಕಿಯಿಂದ ದೂರವಿರಲಿ. ಇಡೀ ಬೈಕಿಗೆ ಡೀಸೆಲ್ ಹೊಡೆದು ‘ಶೈನಿಂಗ್’ ತರುವುದು ಬೇಡ. ಆ ಹೊಳಪು ಎಣ್ಣೆಯ ಪಸೆ. ಧೂಳು ಹಿಡಿಯುತ್ತದೆ, ರಬ್ಬರ್ ಭಾಗಗಳನ್ನು ಕೆಡಿಸುತ್ತದೆ, ಬ್ರೇಕಿಗೆ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ.

ಮೂರನೆಯದು ನಿಧಾನದ್ದು, ಅದಕ್ಕೇ ಯಾರೂ ಗಮನಿಸುವುದಿಲ್ಲ. ಹಬ್ ಪಾಲಿಶ್ ಮಾಡಲು ಚಕ್ರ ಬಿಚ್ಚಿದಾಗ ಬ್ರೇಕ್ ಡ್ರಮ್ಮಿನೊಳಗೆ ಕಪ್ಪು ಬೂದು ಧೂಳು ತುಂಬಿರುತ್ತದೆ. ಎಲ್ಲರೂ ಮಾಡುವುದು ಒಂದೇ: ಉಫ್ ಎಂದು ಊದುವುದು, ಇಲ್ಲವೇ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಯುವುದು. ಹಳೆಯ ಕಾಲದ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಸುವುದು ಪ್ರಪಂಚದಾದ್ಯಂತ ವಾಡಿಕೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ಆಸ್ಬೆಸ್ಟಾಸನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಅದರ ಎಳೆಗಳು ಶ್ವಾಸಕೋಶದಲ್ಲಿ ಕೂತು ದಶಕಗಳ ನಂತರ ಕಾಯಿಲೆಯಾಗಿ ಎದುರಾಗುತ್ತವೆ. ನಿಮ್ಮ ಬೈಕಿನ ಲೈನಿಂಗ್‌ನಲ್ಲಿ ಅದು ಇದೆಯೋ ಇಲ್ಲವೋ ಕಣ್ಣಿನಿಂದ ಹೇಳಲಾಗದು, ಹಾಗಾಗಿ ಇದೆ ಎಂದೇ ತಿಳಿದು ನಡೆಯಿರಿ. ಸೋಪಿನ ನೀರನ್ನು ಮೆಲ್ಲಗೆ ಚಿಮುಕಿಸಿ ಧೂಳನ್ನು ಒದ್ದೆ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಒಗೆದು ಮತ್ತೆ ಬಳಸಬೇಡಿ. ದಿನವಿಡೀ ಇದನ್ನೇ ಮಾಡುವ ಗ್ಯಾರೇಜಿನ ಹುಡುಗರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ. ಫಾರ್ವರ್ಡ್ ಮಾಡುವುದೇ ಆದರೆ ಇದನ್ನು ಮಾಡಿ.

ಕ್ರೋಮ್ ಮುಟ್ಟಿದರೆ ಕ್ಯಾನ್ಸರ್ ಬರುತ್ತದೆಯೇ?

ಈ ಸಂದೇಶವೂ ಸುತ್ತುತ್ತಿದೆ. ಅರ್ಧ ಸತ್ಯವನ್ನು ತಪ್ಪು ಜಾಗದಲ್ಲಿ ಅಂಟಿಸಿದ್ದು. ನಿಮ್ಮ ಹ್ಯಾಂಡಲ್ ಮೇಲಿರುವುದು ಲೋಹರೂಪದ ಕ್ರೋಮಿಯಂ. ಅದನ್ನು ಮುಟ್ಟಿದರೆ, ಒರೆಸಿದರೆ ಕ್ಯಾನ್ಸರ್ ಬರುವುದಿಲ್ಲ. ಅಪಾಯಕಾರಿ ಎಂದರೆ ಕ್ರೋಮಿಯಂನ ಇನ್ನೊಂದು ರೂಪ, ಹೆಕ್ಸಾವೇಲೆಂಟ್ ಕ್ರೋಮಿಯಂ. ಇದು ಐಎಆರ್‌ಸಿಯ ಮೊದಲ ಗುಂಪಿನಲ್ಲಿದೆ. ಹಳೇ ಪದ್ಧತಿಯ ಪ್ಲೇಟಿಂಗ್ ತೊಟ್ಟಿಯಲ್ಲಿರುವ ಕಿತ್ತಳೆ ಕೆಂಪು ದ್ರಾವಣ ಇದೇ. ಕ್ರೋಮ್ ಮಾಡುವಾಗ ಏಳುವ ಮಂಜನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಲ್ಲಿ ಮೂಗಿನ ನಡುಗೋಡೆ ತೂತಾಗುವುದು, ಶ್ವಾಸಕೋಶದ ಕ್ಯಾನ್ಸರ್ ದಾಖಲಾಗಿವೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಈ ಕ್ರೋಮಿಯಂ ಪತ್ತೆಯಾಗಿದೆ, ಅಲ್ಲಿನ ಪ್ಲೇಟಿಂಗ್ ಘಟಕಗಳ ತ್ಯಾಜ್ಯ ಅದಕ್ಕೆ ಮುಖ್ಯ ಕಾರಣ. ಹೊಳೆಯುವ ಭಾಗ ನಮ್ಮ ಮನೆಗೆ ಬರುತ್ತದೆ, ವಿಷ ತೊಟ್ಟಿಯ ಪಕ್ಕದಲ್ಲಿರುವವರ ಪಾಲಿಗೆ ಉಳಿಯುತ್ತದೆ.

ಹಾಗಾಗಿ ‘ಕೆಟ್ಟರೆ ಮತ್ತೆ ಕ್ರೋಮ್ ಮಾಡಿಸಿದರಾಯಿತು’ ಎಂಬುದು ನನಗೆ ಹಗುರವಾದ ಮಾತಾಗಿ ಕೇಳುವುದಿಲ್ಲ. ಹೊಸ ಕ್ರೋಮ್ ಮಾಡುವ ಮೊದಲು ಹಳೇ ಲೇಪನ ತೆಗೆದು, ಗುಳಿಗಳು ಹೋಗುವವರೆಗೆ ಉಕ್ಕನ್ನು ಬಫಿಂಗ್ ಮಾಡುತ್ತಾರೆ. ತಗಡು ಅಷ್ಟಷ್ಟೇ ತೆಳ್ಳಗಾಗುತ್ತದೆ, ಹಳೇ ಮಡ್‌ಗಾರ್ಡ್ ತೂತು ಬೀಳುವುದೂ ಉಂಟು. ಅಲ್ಲೊಂದು ಇಲ್ಲೊಂದು ಚುಕ್ಕಿ ಇರುವ ಮೂಲ ಕ್ರೋಮನ್ನು ವ್ಯಾಕ್ಸ್ ಹಾಕಿ ಹಾಗೇ ಉಳಿಸಿಕೊಳ್ಳುವುದು ನನ್ನ ಆಯ್ಕೆ. ಬಹಳಷ್ಟು ಹಳೇ ಬೈಕ್ ಪ್ರಿಯರೂ ಈಗ ಹಾಗೇ ಹೇಳುತ್ತಾರೆ. ಮಡ್‌ಗಾರ್ಡ್ ಪೂರ್ತಿ ಸಿಪ್ಪೆ ಏಳುತ್ತಿದ್ದರೆ ಬೇರೆ ಮಾತು.

ಇನ್ನೊಂದೇ ವಿಷಯ, ಇದು ವಿಜ್ಞಾನಕ್ಕಿಂತ ಆರ್‌ಟಿಒಗೆ ಸೇರಿದ್ದು. ನೋಂದಣಿಯಾಗಿ 15 ವರ್ಷ ದಾಟಿದ ಸ್ವಂತ ಬೈಕಿನ ಆರ್‌ಸಿ ನವೀಕರಿಸುವಾಗ ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ನೋಡುತ್ತಾರೆ. ಹಳೇ ಬೈಕುಗಳಲ್ಲಿ ಎಂಜಿನ್ ನಂಬರ್ ಕುಟ್ಟಿರುವುದು ಸಾಮಾನ್ಯವಾಗಿ ಮೆದುವಾದ ಅಲ್ಯೂಮಿನಿಯಂ ಮೇಲೆ, ನೀವು ವಾಟರ್ ಪೇಪರ್ ಹಿಡಿಯುವ ಜಾಗದ ಪಕ್ಕದಲ್ಲೇ. ಬಫಿಂಗ್ ಚಕ್ರ ಒಂದೆರಡು ಸಲ ಅದರ ಮೇಲೆ ಹಾದರೆ 3 ಯಾವುದು 8 ಯಾವುದು ಗೊತ್ತಾಗದು. ಅಳಿಸಿದ್ದು ಹೊಳಪಿಗೋ ಕಳ್ಳತನ ಮುಚ್ಚಲೋ ಎಂದು ಇನ್‌ಸ್ಪೆಕ್ಟರಿಗೆ ನೀವೇ ವಿವರಿಸಬೇಕು. ಉಜ್ಜಲು ಕೂರುವ ಮೊದಲು ನಂಬರಿನ ಫೋಟೊ ತೆಗೆದು, ಅದರ ಮೇಲೆ ಎರಡು ಸುತ್ತು ದಪ್ಪ ಟೇಪ್ ಅಂಟಿಸಿ.